ರಾಜೀವ ಒಂದು ಮಾತು ಹೇಳಿದ್ದರೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ಅಣ್ಣತಮ್ಮಂದಿರ ಆಸ್ತಿ ವಾಟ್ನಿಗೆ ಹಿರಿಯರು ಪಂಚಾಯ್ತಿ ಕೂತಾಗ ಸಿನಿಮಾದ ಮಾತು ಬರುವುದು ಅಪರೂಪವಲ್ಲ. ಹೊಲದ ಸರ್ವೆ ನಂಬರು, ಬಾವಿ ನೀರಿನ ಪಾಳಿ, ಅವ್ವ ಯಾರ ಮನೆಯಲ್ಲಿರಬೇಕು ಎಂಬ ಲೆಕ್ಕಗಳ ನಡುವೆ ಯಾರಾದರೊಬ್ಬರು, ‘ಬಂಗಾರದ ಮನುಷ್ಯಾ ನೋಡಿಯಿಲ್ಲೇನೋ ತಮ್ಮಾ? ಮನಿತನ ಅಂದ್ರ ಹಂಗಿರಬೇಕು’ ಎನ್ನುತ್ತಾರೆ. ತಮ್ಮ ತಲೆ ತಗ್ಗಿಸುತ್ತಾನೆ. ತಲೆ ತಗ್ಗಿಸಿದ ಮಾತ್ರಕ್ಕೆ ಎರಿ ಹೊಲದ ಬದು ಒಂದು ಗೇಣೂ ಸರಿಯುವುದಿಲ್ಲ, ಅದು ಬೇರೆ ಮಾತು. ಆದರೆ ಐವತ್ತು ವರ್ಷ ದಾಟಿದ ಸಿನಿಮಾವೊಂದು ಇಂದಿಗೂ ಮನೆಯ ನ್ಯಾಯಕ್ಕೆ ಸಾಕ್ಷಿ ನಿಲ್ಲುತ್ತದೆ ಎಂದ ಮೇಲೆ ಅದನ್ನು ಬರೀ ಮನರಂಜನೆ ಎಂದು ತಳ್ಳಿಹಾಕಲಾಗದು. ಅಣ್ಣ ಹೇಗಿರಬೇಕು, ಸೊಸೆ ಹೇಗಿರಬೇಕು, ಪ್ರೀತಿಸಿದವರು ಎಷ್ಟು ಸಹಿಸಬೇಕು ಎಂಬುದನ್ನು ನಮ್ಮ ಜನ ಮಠದ ಪುರಾಣ-ಪ್ರವಚನಗಳಿಂದ ಕಲಿತಷ್ಟೇ ರಾಜಕುಮಾರ್, ವಿಷ್ಣುವರ್ಧನ್, ಶಿವರಾಜಕುಮಾರ್ ಅವರಿಂದಲೂ ಕಲಿತಿದ್ದಾರೆ. ಸಿನಿಮಾದಿಂದ ಕಲಿಯುವುದು ಕೀಳು ಎನ್ನುವ ಪಂಡಿತರ ಪೈಕಿ ನಾನಲ್ಲ. ಕಲಿತದ್ದು ಏನು ಎಂಬುದರ ಬಗ್ಗೆ ಮಾತ್ರ ನನ್ನ ತಕರಾರಿದೆ.

ನಮ್ಮ ಜನಪ್ರಿಯ ಕೌಟುಂಬಿಕ ಸಿನಿಮಾ ತ್ಯಾಗವನ್ನು ಕಲಿಸಿತು ಎಂದು ಎಲ್ಲರೂ ಹೇಳುತ್ತಾರೆ. ನಿಜ. ತ್ಯಾಗದ ಮಗ್ಗುಲಲ್ಲೇ ಅದು ಇನ್ನೊಂದನ್ನೂ ಕಲಿಸಿತು. ನಿಜವಾಗಿ ಪ್ರೀತಿಸುವವನು ಬಾಯಿ ಬಿಡುವುದಿಲ್ಲ, ಬಾಯಿ ಬಿಟ್ಟರೆ ಪ್ರೀತಿಯ ತೂಕ ಇಳಿಯುತ್ತದೆ ಎಂಬ ಪಾಠ ಅದು. ಈ ಎರಡನೆಯ ಪಾಠವನ್ನು ಯಾವ ಪಾತ್ರವೂ ಡೈಲಾಗಿನಲ್ಲಿ ಹೇಳುವುದಿಲ್ಲ. ಹಾಗಾಗಿಯೇ ಅದು ಹೆಚ್ಚು ಆಳಕ್ಕೆ ಇಳಿದಿದೆ.

‘ಬಂಗಾರದ ಮನುಷ್ಯ’ವನ್ನೇ ತೆಗೆದುಕೊಳ್ಳೋಣ. 1972ರಲ್ಲಿ ಬಂದ ಚಿತ್ರ, ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಓದಿದ ಹುಡುಗರು ಅದನ್ನು ನೋಡಿ ಊರಿಗೆ ಮರಳಿ ನೇಗಿಲು ಹಿಡಿದರು ಎಂಬ ಮಾತು ನಾಡಿನ ತುಂಬ ಹಬ್ಬಿತು. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಡುವ ರಾಜೀವ ಕಲ್ಲುಭೂಮಿಯನ್ನು ಹಸನು ಮಾಡುತ್ತಾನೆ, ಅಳಿಯಂದಿರನ್ನು ಓದಿಸುತ್ತಾನೆ, ಕೈಹಿಡಿದ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ, ತಾನೇ ಬೆಳೆಸಿದ ಹಿರಿಯ ಅಳಿಯ ಕೇಶವ ಅವನ ಮೇಲೆ ಹಣದ ಅನುಮಾನ ಹೊರಿಸುತ್ತಾನೆ. ಹಣ ಹೋಗುತ್ತಿದ್ದುದು ತೀರಿಹೋದ ಭಾವನ ಇನ್ನೊಂದು ಸಂಸಾರಕ್ಕೆ. ಭಾವನ ಹೆಸರಿಗೆ ಮಸಿ ಹತ್ತಬಾರದು, ಅಕ್ಕನ ಮನಸ್ಸು ಒಡೆಯಬಾರದು ಎಂದು ರಾಜೀವ ಅದನ್ನು ಒಡಲಲ್ಲಿ ಇಟ್ಟುಕೊಂಡಿದ್ದಾನೆ. ಆರೋಪ ಬಂದಾಗಲೂ ಹೇಳುವುದಿಲ್ಲ. ಎದ್ದು ನಡೆದುಬಿಡುತ್ತಾನೆ. ನಿಜ ತಿಳಿಯುವ ಹೊತ್ತಿಗೆ ಅವನು ಊರು ದಾಟಿರುತ್ತಾನೆ.

ಆ ಕೊನೆಗೆ ಅತ್ತವರಲ್ಲಿ ನಾನೂ ಒಬ್ಬ. ಈಗಲೂ ಟಿವಿಯಲ್ಲಿ ಬಂದರೆ ಗಂಟಲು ಬಿಗಿಯುತ್ತದೆ. ಅತ್ತು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ, ಮತ್ತು ಅದನ್ನು ಕೇಳುವುದು ರಾಜೀವನಾಗಿ ನಟಿಸಿದ ರಾಜಕುಮಾರ್ ಅವರಿಗೆ, ನಮ್ಮ ಅಣ್ಣಾವ್ರಿಗೆ, ಮಾಡುವ ಅಗೌರವ ಎಂದು ನಾನು ಭಾವಿಸುವುದಿಲ್ಲ. ರಾಜೀವ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಅಕ್ಕ ನಾಲ್ಕು ದಿನ ಅಳುತ್ತಿದ್ದಳು. ಕೇಶವನಿಗೆ ಅಪ್ಪನ ಮೇಲಿದ್ದ ಭಕ್ತಿ ಸ್ವಲ್ಪ ಇಳಿಯುತ್ತಿತ್ತು. ಅತ್ತ ಕಡೆಯ ಸಂಸಾರಕ್ಕೆ ಕದ್ದು ತಲುಪುವ ಹಣದ ಬದಲು ಒಂದು ಸಂಬಂಧ ಸಿಗುತ್ತಿತ್ತು, ‘ಇವರೂ ನಮ್ಮವರು’ ಎಂಬ ಒಂದು ಮಾತು ಸಿಗುತ್ತಿತ್ತು. ರಾಜೀವನ ಮೌನ ಯಾರನ್ನು ಕಾಯಿತು ಎಂದು ಲೆಕ್ಕ ಹಾಕಿದರೆ ಸತ್ತವನ ಮರ್ಯಾದೆಯನ್ನು ಕಾಯಿತು, ಅಷ್ಟೆ. ಬದುಕಿದ್ದವರಲ್ಲಿ ಒಬ್ಬರಿಗೂ ಅದರಿಂದ ಒಳ್ಳೆಯದಾಗಲಿಲ್ಲ. ಕೇಶವನನ್ನು ಕೃತಘ್ನ ಎಂದು ನಾವು ಐವತ್ತು ವರ್ಷ ಬೈದಿದ್ದೇವೆ. ಮನೆಯ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಬೆಳೆದ ಮಗ ಕೇಳಿದ್ದೇ ತಪ್ಪೆ? ಕೇಳಿದ ರೀತಿ ತಪ್ಪು, ಒಪ್ಪೋಣ.

ಇಲ್ಲೊಂದು ಅಡ್ಡಮಾತು. ರಾಜೀವ ಬೆವರು ಸುರಿಸಿ ಬಂಗಾರ ಬೆಳೆದ ಆ ದಶಕದಲ್ಲೇ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ನರಗುಂದದ ಸೀಮೆಗೆ ಬಂದವು. ಬೆವರೂ ಇತ್ತು, ನೀರೂ ಬಂತು ಎನ್ನುವಷ್ಟರಲ್ಲಿ ಕರದ ನೋಟಿಸುಗಳೂ ಬಂದವು. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದು, ಗೋಲಿಬಾರಾಗಿ, ನಾಡಿನ ರೈತ ಚಳವಳಿಯೇ ಅಲ್ಲಿಂದ ಎದ್ದುನಿಂತಿತು. ಮುಂದಿನ ಚುನಾವಣೆಯಲ್ಲಿ ಸರ್ಕಾರ ಬಿದ್ದುದಕ್ಕೆ ಅದೂ ಒಂದು ಕಾರಣ. ಸರ್ಕಾರದ ಮುಂದೆ ನಿಂತು ಅಷ್ಟು ಗಟ್ಟಿಯಾಗಿ ಲೆಕ್ಕ ಕೇಳಿದ ಸೀಮೆ, ಮನೆಯೊಳಗೆ ಲೆಕ್ಕ ಕೇಳುವುದನ್ನು ಮಾತ್ರ ಇಂದಿಗೂ ಪ್ರೀತಿಯ ಕೊರತೆ ಎಂದೇ ತಿಳಿಯುತ್ತದೆ. ಕೇಶವನ ಮೇಲಿನ ಸಿಟ್ಟಿಗೆ ಅಲ್ಲೊಂದು ಬೇರು ಇದೆ.

‘ಬಂಗಾರದ ಮನುಷ್ಯ’ಕ್ಕೆ ಒಂದು ವರ್ಷ ಮುಂಚೆ, 1971ರಲ್ಲಿ, ದೊರೈ-ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ ಬಂದಿತ್ತು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಟ್ಟು ಕೊಟ್ಟು ಬರಿಗೈ ಆಗುತ್ತಾನೆ. ಒಂದು ಕಾಲಕ್ಕೆ ಅವನಿಗೆ ಹತ್ತಿರವಾಗಿದ್ದ ನೀಲಾ, ಈಗ ಅವನ ಎದುರಾಳಿಯ ಹೆಂಡತಿ, ಕಾಯಿಲೆ ಬಿದ್ದ ಮಗುವಿಗಾಗಿ ಅವನ ಪಾರಿವಾಳ ಕೇಳಲು ಬರುತ್ತಾಳೆ. ಅವಳಿಗೆ ಊಟ ಹಾಕುವುದಕ್ಕಾಗಿ ಅವನು ಆ ಪಾರಿವಾಳವನ್ನೇ ಕಳೆದುಕೊಂಡಿರುತ್ತಾನೆ. ಇಲ್ಲ ಎನ್ನಲಾರದೆ ಪ್ರಾಣ ಬಿಡುತ್ತಾನೆ. ಇದೇ ಎಳೆಯ ಕತೆಯೊಂದು ಹದಿನಾಲ್ಕನೆಯ ಶತಮಾನದ ಇಟಲಿಯ ಬೊಕಾಚಿಯೊ ಬರೆದ ‘ಡೆಕಾಮೆರಾನ್’ನಲ್ಲಿದೆ. ಅಲ್ಲಿ ಪಾರಿವಾಳದ ಬದಲು ಒಂದು ಗಿಡುಗ. ಬಡವನಾದ ಪ್ರೇಮಿ ತನ್ನ ಕೊನೆಯ ಆಸ್ತಿಯಾದ ಗಿಡುಗವನ್ನೇ ಕೊಂದು ಅತಿಥಿಯಾಗಿ ಬಂದ ಹೆಂಗಸಿಗೆ ಬಡಿಸಿರುತ್ತಾನೆ. ಅವಳು ಬಂದದ್ದು ಮಗನಿಗಾಗಿ ಅದನ್ನೇ ಬೇಡಲು. ಇಲ್ಲಿಯವರೆಗೆ ಎರಡೂ ಒಂದೇ. ಆಮೇಲೆ ದಾರಿ ಕವಲೊಡೆಯುತ್ತದೆ. ಬೊಕಾಚಿಯೊನ ಗಂಡಸು ಅಳುತ್ತಲೇ ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುತ್ತಾನೆ. ಅವಳು ಬೈಯುತ್ತಾಳೆ, ಮೆಚ್ಚುತ್ತಾಳೆ, ಮಗ ತೀರಿಕೊಂಡ ಮೇಲೆ ಅಣ್ಣಂದಿರು ಬೇಡವೆಂದರೂ ಕೇಳದೆ ಅವನನ್ನೇ ಮದುವೆಯಾಗುತ್ತಾಳೆ. ಹೇಳಿದ್ದರಿಂದ ಒಂದು ಸಂಸಾರ ಹುಟ್ಟಿತು. ನಮ್ಮ ರವಿವರ್ಮನಿಗೆ ಸಾವೇ ಉತ್ತರ. ಕಲೆಯ ದೃಷ್ಟಿಯಿಂದ ಯಾವುದು ಹೆಚ್ಚು ಕಲಕುತ್ತದೆ ಎಂದರೆ ನಾನು ಕಸ್ತೂರಿ ನಿವಾಸಕ್ಕೇ ಕೈ ಎತ್ತುತ್ತೇನೆ. ಬದುಕುವುದಕ್ಕೆ ಯಾವುದು ಬೇಕು ಎಂದರೆ ಉತ್ತರ ಬೇರೆ.

ಈ ಮೌನ ನಮ್ಮ ಮಣ್ಣಿನ ಗುಣ, ಸಿನಿಮಾ ಅದನ್ನು ತೋರಿಸಿತಷ್ಟೆ ಎನ್ನುವವರಿದ್ದಾರೆ. ನಮ್ಮ ಭಾಗದ ಮಟ್ಟಿಗೆ ಈ ಮಾತು ಸುಳ್ಳು. ಬಾದಾಮಿಯ ಬನಶಂಕರಿ ಜಾತ್ರೆ ರೋಣದವರಿಗೂ ಗಜೇಂದ್ರಗಡದವರಿಗೂ ಮನೆಯಂಗಳದ ಜಾತ್ರೆ ಇದ್ದಹಾಗೆ. ಚಕ್ಕಡಿ ಹೂಡಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳತನಕ ಕಂಪನಿ ನಾಟಕ ನೋಡಿ ಬರುವುದು ತಲೆತಲಾಂತರದ ರೂಢಿ. ಅಲ್ಲಿನ ನಾಟಕಗಳಲ್ಲಿ ಯಾರಾದರೂ ಸುಮ್ಮನಿರುತ್ತಾರೆಯೆ? ಅತ್ತಿಗೆ ನಾದಿನಿಯ ಮುಖಕ್ಕೇ ಹೇಳುತ್ತಾಳೆ. ಮುದುಕ ಮಗನ ಬಂಡವಾಳ ಬಯಲಿಗೆಳೆಯುತ್ತಾನೆ. ಸಾಹುಕಾರನ ಮನೆಯ ಗುಟ್ಟನ್ನು ಅವನ ಆಳುಮಗ ಪ್ರೇಕ್ಷಕರ ಕಿವಿಯಲ್ಲಿ ಊದಿ ಚಪ್ಪಾಳೆ ಗಿಟ್ಟಿಸುತ್ತಾನೆ. ಗಜೇಂದ್ರಗಡಕ್ಕೆ ನೆರೆಯಾದ ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಅಂಥ ಮಾತುಗಾರಿಕೆಯ ದೊಡ್ಡ ನಾಟಕಕಾರ. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಎ.ವಿ. ಶೇಷಗಿರಿರಾವ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ರಾಜಕುಮಾರ್-ಮಂಜುಳಾ ಜೋಡಿಯ ಆ ಚಿತ್ರ ಇಂದಿಗೂ ಹಸಿರಾಗಿರುವುದಕ್ಕೆ ಕಾರಣ ಅದರ ಬಾಯಿಜೋರು. ಸಾಹುಕಾರನ ಮನೆಯ ಹುಡುಗಿಯ ಸೊಕ್ಕು ಮುರಿಯುವ ಅದರ ಧಾಟಿಯ ಬಗ್ಗೆ ಇಂದಿನ ಹುಡುಗಿಯರು ಜಗಳ ತೆಗೆದರೆ ನಾನು ಅವರ ಪರವೇ. ಜಗಳವಾಡಲು ಅಲ್ಲಿ ಎದುರಿಗೆ ಒಂದು ಮಾತಾದರೂ ಇದೆ.

ಹೆಂಗಸರ ಬಾಯಿಯೂ ಮುಚ್ಚಿರಲಿಲ್ಲ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಅತ್ತೆಯ ಕಾಟ, ಗಂಡನ ಅಸಡ್ಡೆ, ಕರೆಯಲು ಬಾರದ ಅಣ್ಣ, ಎಲ್ಲವನ್ನೂ ತ್ರಿಪದಿಯಲ್ಲಿ ಕಟ್ಟಿ ಓಣಿಗೇ ಕೇಳುವಂತೆ ಹಾಡಿದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ತಿರುವಿ ನೋಡಿದರೆ, ಅದರ ಗರತಿ ನಮ್ಮ ಸಿನಿಮಾದ ಗರತಿಯಷ್ಟು ಮೂಕಿಯಲ್ಲ ಎಂಬುದು ಥಟ್ಟನೆ ತಿಳಿಯುತ್ತದೆ. ಸಿನಿಮಾ ಅವಳ ಕಣ್ಣೀರನ್ನು ತಂದಿತು, ತವರಿನ ಹಂಬಲವನ್ನು ತಂದಿತು, ದೂರನ್ನು ಮಾತ್ರ ಬೀಸುಕಲ್ಲಿನ ಹತ್ತಿರವೇ ಬಿಟ್ಟು ಬಂದಿತು.

ಇದರ ಬೆಲೆ ಏನು ಎಂಬುದು ಕಾಣಬೇಕಾದರೆ ಅಣ್ಣ-ತಂಗಿ ಸಿನಿಮಾಗಳಿಗೆ ಬರಬೇಕು. ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಅಕ್ಕತಂಗಿಯರನ್ನು ಕರೆದುಕೊಂಡು ಬರಬೇಕು. ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು, ತಿರುಗಿ ಕಳಿಸುವಾಗ ಸೀರೆ-ಕುಬಸ ಕೊಟ್ಟು ಉಡಿ ತುಂಬಬೇಕು. ಕರೆಯಲು ಯಾರೂ ಬಾರದ ಪಂಚಮಿ ಹೆಣ್ಣಿಗೆ ಗಂಡನ ಮನೆಯಲ್ಲಿ ತಲೆ ಎತ್ತದಂತೆ ಮಾಡುವ ಸಂಗತಿ. ಸಾಯಿಪ್ರಕಾಶ್ ಅವರ ‘ತವರಿಗೆ ಬಾ ತಂಗಿ’ 2002ರಲ್ಲಿ, ‘ಅಣ್ಣ ತಂಗಿ’ 2005ರಲ್ಲಿ, ‘ದೇವರು ಕೊಟ್ಟ ತಂಗಿ’ 2009ರಲ್ಲಿ ಬಂದಾಗ ಉತ್ತರ ಕರ್ನಾಟಕದ ಹೆಂಗಸರು ಅವನ್ನು ತಮ್ಮವೆಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನ ವಿಮರ್ಶಕರು ಅವನ್ನು ಕಣ್ಣೀರ ಕೋಡಿ ಎಂದು ಹಾಸ್ಯ ಮಾಡಿದರು. ಕಣ್ಣೀರಿನ ಬಗ್ಗೆ ನನಗೆ ಹಾಸ್ಯವಿಲ್ಲ. ಮನೆಯಲ್ಲಿ ಅಳಲು ಜಾಗವಿಲ್ಲದವಳು ಟಾಕೀಸಿನ ಕತ್ತಲಲ್ಲಿ ಅತ್ತು ಹಗುರಾದರೆ ಅದು ಸಣ್ಣ ಉಪಕಾರವಲ್ಲ. ಪಕ್ಕದ ಸೀಟಿನಲ್ಲಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವ ಇನ್ನೊಬ್ಬಳನ್ನು ಕಂಡು, ಈ ಕಷ್ಟ ನನ್ನೊಬ್ಬಳದಲ್ಲ ಎಂದು ತಿಳಿಯುವುದೂ ಒಂದು ಅರಿವೇ.

ಈ ಸಿನಿಮಾಗಳ ತಂಗಿ ಅಣ್ಣನಿಂದ ಎಲ್ಲವನ್ನೂ ಪಡೆಯುತ್ತಾಳೆ, ಕೇಳುವುದು ಮಾತ್ರ ಏನನ್ನೂ ಇಲ್ಲ. ಕೇಳದಿರುವುದರಲ್ಲೇ ಅವಳ ದೊಡ್ಡತನ. ಕೊಡುವುದರಲ್ಲಿ ಅಣ್ಣನ ದೊಡ್ಡತನ. ಕೊಡುವುದು ಯಾವಾಗಲೂ ಸೀರೆ, ಬಳೆ, ಅರಿಷಿಣ-ಕುಂಕುಮ, ಕೊನೆಗೆ ಪ್ರಾಣ. ಹೊಲ ಎಂದೂ ಅಲ್ಲ. ವಿಷ್ಣುವರ್ಧನ್ ಅವರ ‘ಹಾಲುಂಡ ತವರು’ 1994ರಲ್ಲಿ ತೆರೆಗೆ ಬಂತು. ಅದೇ 1994ರ ಜುಲೈ 30ರಿಂದ, ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕ ತಂದ ತಿದ್ದುಪಡಿ ಜಾರಿಯಾಗಿ, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದಾಯಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತಂದೆ ಆ ದಿನಾಂಕಕ್ಕೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಮೂವತ್ತು ವರ್ಷಗಳಲ್ಲಿ ತವರಿನ ಹೆಸರಿನಲ್ಲಿ ಎಷ್ಟೋ ಸಿನಿಮಾಗಳು ಬಂದವು. ಈ ಕಾನೂನು ಮನೆಯ ಹೊಸ್ತಿಲು ದಾಟಿದಾಗ ಅಣ್ಣ-ತಂಗಿಯರ ನಡುವೆ ಏನಾಯಿತು ಎಂಬ ಕತೆಯನ್ನು ಜನಪ್ರಿಯ ಸಿನಿಮಾ ಮುಟ್ಟಿದ್ದು ನನ್ನ ನೆನಪಿಗೆ ಬಾರದು.

ಆದದ್ದು ಎಲ್ಲರಿಗೂ ಗೊತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಬೆಳಿಗ್ಗೆ ಹೋಗಿ ನಿಂತರೆ ಕಾಣುತ್ತದೆ. ಅಣ್ಣ ಬಾಡಿಗೆ ಕಾರು ಮಾಡಿಕೊಂಡು ಅಕ್ಕತಂಗಿಯರನ್ನು ಅವರವರ ಊರಿನಿಂದ ಕರೆತಂದಿರುತ್ತಾನೆ. ಹೋಟೆಲಿನಲ್ಲಿ ನಾಷ್ಟಾ ಆಗಿರುತ್ತದೆ. ಹಕ್ಕು ಬಿಡುಗಡೆ ಪತ್ರ ತಯಾರಿರುತ್ತದೆ. ‘ಇಲ್ಲೊಂದು ಸಹಿ ಮಾಡವ್ವಾ’ ಎಂದರೆ ಮಾಡುತ್ತಾಳೆ. ಓದಿ ಹೇಳಿ ಎನ್ನುವುದಿಲ್ಲ. ಯಾಕೆ ಮಾಡಿದೆ ಎಂದು ಆಮೇಲೆ ಕೇಳಿದರೆ ಒಂದೇ ಉತ್ತರ: ‘ಪಾಲು ತಗೊಂಡ್ರ ತವರಮನಿ ಬಾಗಲಾ ಮುಚ್ಚತೈತ್ರಿ.’ ಪಂಚಮಿಗೆ ಕರೆಯಲು ಯಾರು ಬರುತ್ತಾರೆ, ಮಗಳ ಮದುವೆಗೆ ಸೋದರಮಾವನ ಸ್ಥಾನದಲ್ಲಿ ಯಾರು ನಿಲ್ಲುತ್ತಾರೆ ಎಂಬ ಭಯ. ಈ ಭಯ ಹುಸಿಯಲ್ಲ. ಎರಡು ಎಕರೆಯ ಪಾಲಿಗಿಂತ ಒಬ್ಬ ಅಣ್ಣ ದೊಡ್ಡವನು ಎಂದು ಅವಳು ತೂಗಿ ನೋಡಿ ಸಹಿ ಹಾಕಿದ್ದರೆ ಅದು ಅವಳ ತೀರ್ಮಾನ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಅಣ್ಣನ ಕಡೆಗೂ ಲೆಕ್ಕವಿದೆ: ಅವಳ ಮದುವೆಗೆ ಮಾಡಿದ ಸಾಲ, ಅಪ್ಪ-ಅವ್ವನ ಔಷಧದ ಖರ್ಚು, ಮೂರು ವರ್ಷಕ್ಕೊಮ್ಮೆ ಕೈಕೊಡುವ ಮಳೆ. ಎರಡೂ ಕಡೆ ಹೇಳುವುದಿದೆ. ಹೇಳುವುದಿಲ್ಲ. ಹೇಳಿದರೆ ‘ರೊಕ್ಕದ ಮಾತು’ ಆಗಿ ಪ್ರೀತಿ ಹೊಲಸಾಗುತ್ತದೆ ಎಂದು ಇಬ್ಬರೂ ನಂಬಿದ್ದಾರೆ. ಹೀಗೆ ನಂಬಿಸಿದ್ದು ಸಿನಿಮಾ ಒಂದೇ ಎನ್ನಲಾರೆ. ಆ ನಂಬಿಕೆಗೆ ರಾಗ ಹಾಕಿ, ಬಣ್ಣ ಬಳಿದು, ಅದನ್ನು ಪವಿತ್ರ ಮಾಡಿದ್ದು ಸಿನಿಮಾ.

ಅಣ್ಣನ ಪ್ರೀತಿಯ ಇನ್ನೊಂದು ಮುಖ ಅವನ ಅಧಿಕಾರ. ತೆರೆಯ ಮೇಲಿನ ಅಣ್ಣ ತಂಗಿಗೆ ವರ ಹುಡುಕುತ್ತಾನೆ, ಅವನೇ ಒಪ್ಪುತ್ತಾನೆ, ಅವನೇ ಅಳುತ್ತಾನೆ. ನೆರೆಯ ಇಳಕಲ್ಲಿನ ನೇಕಾರರು ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಹಾಗೆ, ಈ ಸಿನಿಮಾಗಳು ಅಕ್ಕರೆಗೂ ಅಧಿಕಾರಕ್ಕೂ ಕೊಂಡಿ ಹಾಕಿವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

2019ರ ನವೆಂಬರಿನಲ್ಲಿ ಗಜೇಂದ್ರಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಜಾತಿ ಮೀರಿ ಮದುವೆಯಾಗಿ ದೂರದ ಊರುಗಳಲ್ಲಿ ಬದುಕಿ, ವರ್ಷಗಳ ಮೇಲೆ ಊರಿಗೆ ಮರಳಿದ್ದ ಗಂಡ-ಹೆಂಡತಿಯನ್ನು ಹುಡುಗಿಯ ಕಡೆಯವರು ಕಲ್ಲಿನಿಂದ ಹೊಡೆದು ಕೊಂದರು. 2025ರ ಜನವರಿಯಲ್ಲಿ ಗದಗಿನ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಇದಕ್ಕೂ ಸಿನಿಮಾಕ್ಕೂ ಗಂಟು ಹಾಕುವುದು ಅನ್ಯಾಯ. ಯಾವ ಸಿನಿಮಾವೂ ಕಲ್ಲು ಎತ್ತಿಕೊಡಲಿಲ್ಲ. ಜಾತಿಯ ಹಗೆ ಸಿನಿಮಾಕ್ಕಿಂತ ಬಲು ಹಳೆಯದು. ನಾನು ಕೇಳುವುದು ಇಷ್ಟೆ: ತಂಗಿಯ ಮೇಲಿನ ಪ್ರೀತಿಯ ಬಗ್ಗೆ ಇಷ್ಟೊಂದು ಸಿನಿಮಾ ನೋಡಿದ ನಾಡಿನಲ್ಲಿ, ‘ಅವಳು ಯಾರನ್ನು ಒಪ್ಪಿದಳು, ಯಾಕೆ ಒಪ್ಪಿದಳು’ ಎಂದು ಅಣ್ಣನೊಬ್ಬ ಎದುರು ಕೂತು ಕೇಳುವ ದೃಶ್ಯ ಎಷ್ಟು ಸಲ ಬಂದಿದೆ? ಅಂತರ್ಜಾತಿ ಪ್ರೇಮವನ್ನು ನಮ್ಮ ಸಿನಿಮಾ ಮುಟ್ಟಿಲ್ಲ ಎಂದಲ್ಲ. ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯಿಂದ ನಾಗಾಭರಣ ಮಾಡಿದ ‘ಜನುಮದ ಜೋಡಿ’ 1996ರಲ್ಲಿ ಮನೆಮನೆಯ ಮಾತಾಯಿತು. ಪ್ರೇಮಿಗಳ ಸಂಕಟ ಅದರಲ್ಲಿ ತುಂಬ ಚೆನ್ನಾಗಿ ಬಂದಿದೆ. ಬೇಡ ಎನ್ನುವ ಮನೆಯವರೊಳಗೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸಿದ್ದು ಗಡಿಯಾಚೆಯ ಮರಾಠಿ ಚಿತ್ರ, ನಾಗರಾಜ ಮಂಜುಳೆಯವರ 2016ರ ‘ಸೈರಾಟ್’. ಅದರ ಕೊನೆಯಲ್ಲಿ ತಂಗಿಯ ಮನೆಗೆ ಬರುವ ಅಣ್ಣ ತವರಿನ ಉಡುಗೊರೆ ತಂದಿರುತ್ತಾನೆ, ಅವಳು ಮಾಡಿಕೊಟ್ಟ ಚಹಾ ಕುಡಿಯುತ್ತಾನೆ. ಪಂಚಮಿಗೆ ಅಣ್ಣನ ದಾರಿ ಕಾದ ಯಾವ ಹೆಣ್ಣಿಗಾದರೂ ಆ ಉಡುಗೊರೆ ಗುರುತಾಗುತ್ತದೆ. ಆ ಚಿತ್ರವನ್ನು ಎಸ್. ನಾರಾಯಣ್ ಮರುವರ್ಷ ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೂ ತಂದರು.

ಹುಡುಗಿಯನ್ನು ಕೇಳದಿರುವುದು ಅಣ್ಣಂದಿರಿಗಷ್ಟೇ ಹತ್ತಿದ ರೋಗವಲ್ಲ, ಪ್ರೇಮಿಗಳಿಗೂ ಇದೆ. ಪಕ್ಕದ ಹಾವೇರಿ ಜಿಲ್ಲೆಯಿಂದ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ (2006) ನೋಡಿ ನಮ್ಮ ಕಾಲೇಜು ಹುಡುಗರು ಪ್ರೇಮದ ಭಾಷೆಯನ್ನೇ ಬದಲಾಯಿಸಿಕೊಂಡರು. ಇಡೀ ಸಿನಿಮಾ ವಟವಟ ಎನ್ನುವ ಪ್ರೀತಮ್, ಮಾತಾಡಲೇಬೇಕಾದ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚುತ್ತಾನೆ. ಹುಡುಗಿ ನಂದಿನಿಗೂ ಮನಸ್ಸಿದೆ ಎಂದು ಗೊತ್ತಿದ್ದೂ, ಎರಡು ಮನೆಗಳ ನೆಮ್ಮದಿಗಾಗಿ ಅವಳನ್ನು ಇನ್ನೊಬ್ಬನಿಗೆ ಬಿಟ್ಟು ಹೊರಡುತ್ತಾನೆ. ನಾವು ಪ್ರೀತಮನಿಗಾಗಿ ಅತ್ತೆವು. ನಂದಿನಿ ಆ ಮದುವೆಯಲ್ಲಿ ಹೇಗೆ ಬದುಕಿದಳು ಎಂದು ಯಾರೂ ಕೇಳಲಿಲ್ಲ.

ಮೌನದ ಬೆಲೆಯನ್ನು ತೋರಿಸಿದವರೂ ನಮ್ಮಲ್ಲಿದ್ದಾರೆ, ಮತ್ತು ಅವರ ಸಿನಿಮಾಗಳೂ ತುಂಬಿದ ಟಾಕೀಸುಗಳಲ್ಲಿ ಓಡಿವೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದಲ್ಲಿ ಕಲ್ಪನಾ ಅವರ ಕಾವೇರಿ ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಮನೆಯಲ್ಲಿ ಯಾರೂ ಅವಳನ್ನು ಬೈಯುವುದಿಲ್ಲ, ಹೊಡೆಯುವುದಿಲ್ಲ. ಮುಖ ಕೊಟ್ಟು ಮಾತಾಡುವುದಿಲ್ಲ, ಅಷ್ಟೆ. ಅಷ್ಟೇ ಸಾಕಾಗುತ್ತದೆ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾ ಹೋಗುತ್ತಾನೆ. ಪೋಸ್ಟರಿಗೆ ಅಪ್ಪನ ಚಹರೆ ಬರೆಯಲು ಹೊರಟಾಗ, ಮೈಬಣ್ಣ ಮೈಕಟ್ಟು ಬಿಟ್ಟರೆ ತನಗೆ ಅಪ್ಪನ ಬಗ್ಗೆ ಗೊತ್ತಿರುವುದು ಎಷ್ಟು ಕಡಿಮೆ ಎಂಬುದು ಆ ಮಗನಿಗೆ ತಟ್ಟುತ್ತದೆ. ಗೋವಾದಲ್ಲೋ ಮಂಗಳೂರಲ್ಲೋ ದುಡಿಯುತ್ತ, ಭಾನುವಾರಕ್ಕೊಮ್ಮೆ ಊರಿಗೆ ಫೋನು ಮಾಡಿ ‘ಆರಾಮ ಅದೀರಿಲ್ರೀ’ ಎಂದು ಕೇಳಿ ಇಟ್ಟುಬಿಡುವ ರೋಣ ತಾಲ್ಲೂಕಿನ ಹುಡುಗರಿಗೆ ನಾನು ಯಾವುದಾದರೂ ಒಂದು ಸಿನಿಮಾ ತೋರಿಸಬೇಕಾದರೆ ಇದನ್ನೇ ತೋರಿಸುತ್ತೇನೆ.

ಮಗನನ್ನು ಹುಡುಕಿಕೊಂಡು ಹೋದ ಅಪ್ಪನ ನಿಜದ ಕತೆಯೊಂದು ರೋಣಕ್ಕೇ ಸೇರಿದೆ. 1922ರಲ್ಲಿ ಅಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಮೇಷ್ಟ್ರಾಗಿದ್ದ ತಂದೆ ಗುರುರಾಜ ಜೋಶಿಯವರು ಕೊನೆಗೆ ಮಗನನ್ನು ಪತ್ತೆಹಚ್ಚಿದ್ದು ದೂರದ ಜಲಂಧರದಲ್ಲಿ. ಕಿವಿ ಹಿಂಡಿ ಕರೆತಂದು ಶಾಲೆಗೆ ಕೂಡಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮಗನಿಗೆ ಬೇಕಾದದ್ದು ಏನು ಎಂಬುದಕ್ಕೆ ಅವರು ಕಿವಿಗೊಟ್ಟರು. ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಇದೇ ಭೀಮಸೇನರ ಕಂಠ 1966ರ ‘ಸಂಧ್ಯಾರಾಗ’ದಲ್ಲಿ ಕೇಳುತ್ತದೆ. ಅ.ನ.ಕೃ. ಅವರ ಕಾದಂಬರಿ, ರಾಜಕುಮಾರ್ ನಾಯಕ, ಸಂಗೀತಕ್ಕೂ ಸಂಸಾರಕ್ಕೂ ನಡುವೆ ಬೇಯುವವನ ಕತೆ. ಸಿನಿಮಾಕ್ಕೆ ಸಂಕಟವೇ ಬೇಕು, ಅದು ಅದರ ಕಸುಬು. ಗುರುರಾಜ ಜೋಶಿಯವರು ಮಾಡಿದ್ದರಲ್ಲಿ ಸಂಕಟಕ್ಕಿಂತ ಬುದ್ಧಿ ಹೆಚ್ಚು, ಹಾಗಾಗಿ ಅಂಥ ಅಪ್ಪಂದಿರು ತೆರೆಯ ಮೇಲೆ ಕಡಿಮೆ.

ಹಿಂದೆ ಟೂರಿಂಗ್ ಟಾಕೀಸಿನ ಎರಡನೆಯ ಆಟ ಬಿಟ್ಟ ಮೇಲೆ ಹಳ್ಳಿಯವರು ಗುಂಪಾಗಿ ನಡೆದು ಬರುವಾಗ ಅರ್ಧ ದಾರಿ ಸಿನಿಮಾದ್ದೇ ವಾದ. ಸಿನಿಮಾದೊಳಗೆ ಆಡದೇ ಬಿಟ್ಟ ಮಾತುಗಳನ್ನು ಹೊರಗೆ ಇವರು ಆಡುತ್ತಿದ್ದರು. ‘ಆಕಿ ಯಾಕ ಸುಮ್ನ ಇದ್ಲು? ನಾನಾಗಿದ್ರ ಚಪ್ಪಲಿ ತಗೊಂತಿದ್ದೆ’ ಎನ್ನುವ ಅಜ್ಜಿಯರಿದ್ದರು. ಇಂದು ಅದೇ ಸಿನಿಮಾವನ್ನು ಒಬ್ಬೊಬ್ಬರೇ ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾಡು ಬಂದರೆ ಓಡಿಸಿ ನೋಡುತ್ತಾರೆ. ನೋಡಿದ ಮೇಲೆ ಮುಂದಿನ ವಿಡಿಯೊ ತಾನೇ ಬರುತ್ತದೆ. ನಷ್ಟ ಸಿನಿಮಾದ್ದಲ್ಲ, ಆ ಅಜ್ಜಿಯದು.

ನಾನು ನೋಡಬಯಸುವ ಸಿನಿಮಾ ಒಂದಿದೆ, ಯಾರಾದರೂ ಗಜೇಂದ್ರಗಡದಲ್ಲೋ ನರಗುಂದದಲ್ಲೋ ಶೂಟಿಂಗ್ ಇಟ್ಟುಕೊಂಡರೆ ಖರ್ಚೂ ಕಡಿಮೆ. ಪಂಚಮಿಯ ದಿನ. ಅಣ್ಣ ತಂಗಿಯನ್ನು ಕರೆತಂದಿದ್ದಾನೆ. ಉಂಡಿಯ ತಟ್ಟೆಯ ಪಕ್ಕದಲ್ಲಿ ಹೊಲದ ಉತಾರ ಇಟ್ಟು, ‘ಇದರಾಗ ನಿಂದೂ ಐತಿ. ಏನ್ ಮಾಡೂಣ, ನೀನ ಹೇಳು’ ಎನ್ನುತ್ತಾನೆ. ಅಲ್ಲಿಂದ ಎರಡು ಗಂಟೆ ಆ ಮನೆಯವರು ಮಾತಾಡುತ್ತಾರೆ, ಜಗಳವಾಡುತ್ತಾರೆ, ಹಳೆಯ ಸಾಲದ ಚೀಟಿ ತೆಗೆಯುತ್ತಾರೆ, ಅಳುತ್ತಾರೆ, ನಡುವೆ ಊಟವನ್ನೂ ಮಾಡುತ್ತಾರೆ. ಇಂಥದಕ್ಕೆ ಟಿಕೆಟ್ ಯಾರು ತಗೊಳ್ಳುತ್ತಾರೆ ಎಂದು ನಿರ್ಮಾಪಕರು ಕೇಳಬಹುದು. ಬನಶಂಕರಿಯಲ್ಲಿ ಚಳಿಗೆ ಕಂಬಳಿ ಹೊದ್ದು ಬೆಳತನಕ ಅತ್ತಿಗೆ-ನಾದಿನಿಯರ ವಾಗ್ವಾದ ಕೇಳಿದವರ ಮೊಮ್ಮಕ್ಕಳು ತಗೊಳ್ಳುತ್ತಾರೆ. ಅಣ್ಣನ ಪಾತ್ರಕ್ಕೆ ಯಾವ ಸ್ಟಾರ್ ಆದರೂ ನಡೆದೀತು. ತಂಗಿಯ ಮಾತು ಬರೆಯಲು ಧುತ್ತರಗಿಯವರಂಥ ಕೈ ಬೇಕು. ಅತ್ತಿಗೆಯ ಮಾತಿಗೆ ಇನ್ನೂ ಪಳಗಿದ ಕೈ ಬೇಕು, ಯಾಕೆಂದರೆ ಗಂಡನ ಹೊಲ ಒಡೆಯುತ್ತದೆ ಎಂದು ಸಿಡಿಮಿಡಿಗೊಳ್ಳುವ ಆಕೆಗೂ ಒಂದು ತವರಿದೆ, ಅಲ್ಲಿಯೂ ಒಂದು ಉತಾರ ಇದೆ, ಅದರ ಮೇಲೆ ಸಹಿ ಮಾಡಿಸಿಕೊಳ್ಳಲು ಆಕೆಯ ಅಣ್ಣನೂ ಮುಂದಿನ ವಾರ ಬರುವವನಿದ್ದಾನೆ.